ಬಾಸಿಂಗದಮ್ಮನ ಪ್ರಶ್ನೆ

ಕರ್ಪೂರ ಮುಗಿದಿದೆ ಎಂದು ಹೆಂಡತಿ ಹೇಳಿದ್ದಕ್ಕೆ ಹೋದ ವಾರ ಪೇಟೆಯ ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ಬಾಗಿಲಲ್ಲೇ, ಊದಿನಕಡ್ಡಿಯ ಪೊಟ್ಟಣಗಳ ಪಕ್ಕ, ಪ್ಲಾಸ್ಟಿಕ್ ಕವರಿನೊಳಗೆ ಒಂದು ಜೊತೆ ಬಾಸಿಂಗ ನೇತಾಡುತ್ತಿತ್ತು. ಥರ್ಮೋಕೋಲಿನದು. ಮೇಲೆ ಮಿನುಗುವ ಕಾಗದ, ಹಿಂದೆ ಕಟ್ಟಲು ದಾರದ ಬದಲು ಎಲಾಸ್ಟಿಕ್ಕು. ಮದುವೆಯಲ್ಲಿ ಗಂಡು ಹೆಣ್ಣಿನ ಹಣೆಗೆ ಕಟ್ಟುವ ಈ ಸಾಮಾನನ್ನು ನೀವೂ ನೋಡಿರುತ್ತೀರಿ, ನೋಡಿ ಮರೆತೂ ಇರುತ್ತೀರಿ. ಫೋಟೋದಲ್ಲಿ ಮುಖ ಮುಚ್ಚುತ್ತದೆ ಎಂದು ಈಗಿನವರು ಧಾರೆ ಮುಗಿಯುತ್ತಲೇ ಬಿಚ್ಚಿಡುತ್ತಾರೆ. ನಾನು ಏನೋ ಯೋಚನೆಯಲ್ಲಿ ಆ ಕವರನ್ನು ಮೂಗಿಗೆ ಹಿಡಿದು ಮೂಸಿಬಿಟ್ಟೆ.

"ಎಂತ ಸಾರ್, ಅದು ತಿನ್ನೋದಲ್ಲ," ಅಂದ ಅಂಗಡಿಯವನು.

"ಇದರಲ್ಲಿ ಗಂಡಿಂದು ಯಾವುದು, ಹೆಣ್ಣಿಂದು ಯಾವುದು?" ಎಂದು ಕೇಳಿದೆ.

"ಎರಡೂ ಒಂದೇ ಸೈಜು. ಯಾರಿಗೆ ಯಾವ್ದು ಬೇಕಾದ್ರೂ ಕಟ್ಬಹುದು."

ಕರ್ಪೂರ ಮರೆತು ಮನೆಗೆ ಬಂದೆ. ಹೆಂಡತಿಯ ಕೈಲಿ ಬೈಸಿಕೊಂಡದ್ದು ಬೇರೆ ವಿಷಯ. ನಾನು ಆ ಕವರಿನಲ್ಲಿ ಹುಡುಕಿದ್ದು ಹುಣಸೆಬೀಜದ ಅಂಟಿನ ವಾಸನೆಯನ್ನು. ಹುರಿದ ಹುಣಸೆಬೀಜವನ್ನು ಅರೆದು, ನೀರಿನಲ್ಲಿ ಕುದಿಸಿ ಮಾಡುವ ಆ ಅಂಟಿಗೆ ಸ್ವಲ್ಪ ಸೀದ, ಸ್ವಲ್ಪ ಹುಳಿಯಾದ, ಒಂದು ತರಹದ ಹಸಿವು ಹುಟ್ಟಿಸುವ ವಾಸನೆ ಇರುತ್ತಿತ್ತು. ಸಾಗರದ ಗುಡಿಗಾರರ ಕೇರಿಯಲ್ಲಿ ನಾನು ಬೆಳೆದ ಮನೆಯ ವಾಸನೆ ಅದು. ನನ್ನ ಭವಾನಿ ದೊಡ್ಡಮ್ಮನ ಸೆರಗಿನ ವಾಸನೆಯೂ ಅದೇ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅವಳ ಅಕ್ಕ ಭವಾನಿ ದೊಡ್ಡಮ್ಮ ನನ್ನನ್ನು ತಂದು ತನ್ನ ಮಗ ನಾಗೇಶನ ಪಕ್ಕದಲ್ಲಿ ಕೂರಿಸಿ ಅನ್ನ ಬಡಿಸಿದಳು. ಅಷ್ಟೇ, ಆಮೇಲೆ ಆ ವಿಷಯದ ಬಗ್ಗೆ ಯಾರೂ ಮಾತಾಡಲಿಲ್ಲ. ಆ ಕೇರಿಯಲ್ಲಿ ಗಂಡಸರು ಗಂಧ ಕೆತ್ತುತ್ತಿದ್ದರು, ಹೆಂಗಸರು ಬೆಂಡಿನ ಕೆಲಸ ಮಾಡುತ್ತಿದ್ದರು. ಬೆಂಡು ಎಂದರೆ ಕೆರೆಯ ನೀರಿನಲ್ಲಿ ಬೆಳೆಯುವ ಒಂದು ಗಿಡದ ತಿರುಳು. ಮೇಲಿನ ಕಂದು ಸಿಪ್ಪೆ ತೆಗೆದರೆ ಒಳಗೆ ಅಕ್ಕಿಹಿಟ್ಟಿನ ಬಿಳಿ. ದೊಡ್ಡಮ್ಮ ಒಂದು ಮೊಳ ಉದ್ದದ ತೆಳು ಚಾಕುವಿನಿಂದ ಅದನ್ನು ಸುತ್ತಲೂ ಸುಲಿಯುತ್ತ ಬಂದರೆ ಕಾಗದದ ಸುರುಳಿಯಂತೆ ಬಿಚ್ಚಿಕೊಳ್ಳುತ್ತಿತ್ತು. ನಾಗೇಶನಿಗೆ ಕೈಯಲ್ಲಿ ವಿದ್ಯೆ ಇತ್ತು. ಹದಿನೈದು ವರ್ಷಕ್ಕೆಲ್ಲ ಗಂಧದ ಆನೆಗೆ ಸೊಂಡಿಲು ತೀಡುತ್ತಿದ್ದ. ನನ್ನ ಕೈ ನಡುಗುತ್ತಿತ್ತು. ನಾನು ಸುಲಿದ ಬೆಂಡು ಇಲಿ ಕಡಿದ ಹಾಗಿರುತ್ತಿತ್ತು. ಮುಂದೆ ನಾನು ತೀರ್ಥಹಳ್ಳಿಯಲ್ಲಿ ಒಬ್ಬ ಡಾಕ್ಟರ ಶಾಪಿನಲ್ಲಿ ಕಾಂಪೌಂಡರಾಗಿ ಸೇರಿದೆ ಎಂದು ತಿಳಿದಾಗ ದೊಡ್ಡಮ್ಮ, "ಇವನ ಕೈಗೆ ಬಾಟ್ಲಿ ಕುಲುಕೋ ಕೆಲಸಾನೇ ಸರಿ, ದೇವರು ನೋಡಿ ಕೊಟ್ಟಿದಾನೆ," ಎಂದು ಕೇರಿಗೆಲ್ಲ ಕೇಳುವ ಹಾಗೆ ನಕ್ಕಿದ್ದಳು.

ಕೆಂಪು ಮಿಕ್ಸ್ಚರು, ಬಿಳಿ ಮಿಕ್ಸ್ಚರು, ಡೋಸಿನ ಅಳತೆಗೆಂದು ಸೀಸೆಗೆ ಅಂಟಿಸುವ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ. ನನ್ನ ವೈದ್ಯಶಾಸ್ತ್ರ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ರಜೆಗೆ ಸಾಗರಕ್ಕೆ ಹೋದರೆ ಕೇರಿಯವರು ನಾಲಿಗೆ ಚಾಚಿ ತೋರಿಸುತ್ತಿದ್ದರು, ಕೈನಾಡಿ ಮುಂದೆ ಹಿಡಿಯುತ್ತಿದ್ದರು. ನಾನೂ ಗಂಭೀರವಾಗಿ "ಹೂಂ" ಅನ್ನುತ್ತಿದ್ದೆ. ಅಲ್ಪವಿದ್ಯಾ ಮಹಾಗರ್ವಿ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ದೊಡ್ಡಮ್ಮನೂ ಚೇಷ್ಟೆಗೆ ನನ್ನನ್ನು "ಡಾಕ್ಟ್ರೇ" ಎಂದೇ ಕರೆಯುತ್ತಿದ್ದಳು. ಚೇಷ್ಟೆಯ ಕೆಳಗೆ ನಂಬಿಕೆಯೂ ಇತ್ತು ಎನ್ನುವುದು ನನಗೆ ತಡವಾಗಿ ಗೊತ್ತಾಯಿತು.

ಅವಳ ಬಾಸಿಂಗಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಯಾವ ಮನೆಗೆ ಎಂಥ ಬಾಸಿಂಗ ಎನ್ನುವುದು ಪೂರ್ತಿ ಅವಳ ತಲೆಯಲ್ಲಿತ್ತು. ಒಂದು ಮನೆತನಕ್ಕೆ ಗಿಳಿಗಳು ಎದುರುಬದುರು ಕೂತಿರಬೇಕು. ಇನ್ನೊಂದು ಮನೆತನಕ್ಕೆ ಗಿಳಿ ಕೂಡದು, ನವಿಲೇ ಆಗಬೇಕು. ಗಂಡಿನದು ಎತ್ತರ, ಹೆಣ್ಣಿನದು ಗಿಡ್ಡ; ಎಸಳು ಇಷ್ಟೇ, ನಡುವಿನ ಕನ್ನಡಿ ಇಷ್ಟೇ. ಅವಳಿಗೆ ಓದುಬರಹ ಬರುತ್ತಿರಲಿಲ್ಲ. ಮದುವೆಯ ಮನೆಯವರು ಬಂದು ವೀಳ್ಯ ಕೊಟ್ಟು ಹೋದರೆ ಸಾಕು, ದಿನಕ್ಕೆ ಸರಿಯಾಗಿ ಹೊಸ ಬುಟ್ಟಿಯಲ್ಲಿಟ್ಟು, ಬಿಳಿ ಬಟ್ಟೆ ಮುಚ್ಚಿ, ತಾನೇ ಬಸ್ಸು ಹತ್ತಿ ಒಯ್ದು ಕೊಡುತ್ತಿದ್ದಳು. ದಾರಿಯಲ್ಲಿ ಬುಟ್ಟಿಯನ್ನು ನೆಲಕ್ಕೆ ಇಡುವಂತಿಲ್ಲ, ಬೇರೆಯವರ ಕೈಲಿ ಕಳಿಸುವಂತಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯ ಗೌಡರ ಮನೆಗಳಲ್ಲಿ ಅವಳಿಗೆ ಬಾಸಿಂಗದಮ್ಮ ಎಂದೇ ಹೆಸರು. ಅವಳು ಅಂಗಳಕ್ಕೆ ಕಾಲಿಟ್ಟಳು ಎಂದರೆ ಮದುವೆಯ ಕಳೆ ಬಂತು ಎಂದೇ ಲೆಕ್ಕ. ಹಾಗಾಗಿ ಸಾವಿನ ಮನೆಗೆ ಹೋಗುವಾಗ ಕೈಯಲ್ಲಿ ಸಣ್ಣ ಚೀಲವನ್ನೂ ಹಿಡಿಯುತ್ತಿರಲಿಲ್ಲ. ದೂರದಿಂದ ನೋಡಿದವರು ಬುಟ್ಟಿ ಎಂದುಕೊಂಡಾರು ಎಂದು.

ಎಪ್ಪತ್ತೊಂಬತ್ತನೇ ಇಸವಿಯ ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಒಂದು ಬೆಳಿಗ್ಗೆ ಶಾಪಿನಲ್ಲಿ ಸೀಸೆ ತೊಳೆಯುತ್ತಿದ್ದವನು ತಲೆಯೆತ್ತಿ ನೋಡಿದರೆ, ರೋಗಿಗಳ ಬೆಂಚಿನ ಮೇಲೆ, ಜ್ವರದ ಇಬ್ಬರು ಆಳುಗಳ ನಡುವೆ, ದೊಡ್ಡಮ್ಮ ಕೂತಿದ್ದಾಳೆ. ಸಾಗರದಿಂದ ಒಬ್ಬಳೇ ಬಂದಿದ್ದಳು. ನಾನು ಓಡಿಹೋಗಿ ಒಳಗೆ ಕರೆದರೆ ಏಳಲಿಲ್ಲ.

"ಸುಮ್ನಿರಾ. ನಿನ್ನ ದೊಡ್ಡಮ್ಮ ಆಗಿ ಬಂದಿಲ್ಲ, ಪೇಷೆಂಟ್ ಆಗಿ ಬಂದೀನಿ. ಪಾಳಿ ಬರ್ಲಿ."

ಪಾಳಿ ಬಂತು. ಡಾಕ್ಟರು ಏನು ತೊಂದರೆ ಎಂದು ಕೇಳಿದರು. ಅವಳು ನನ್ನ ಕಡೆ ಒಮ್ಮೆ ನೋಡಿ ಹೇಳಿದಳು: "ಕೈಗೆ ಗೊತ್ತಾಗ್ತದೆ, ತಲೆಗೆ ಗೊತ್ತಾಗ್ತಿಲ್ಲ ಸಾರ್. ಅಂಟು ಕಾಸಿರ್ತೀನಿ, ಮತ್ತೆ ಕಾಸ್ತೀನಿ. ಚಾಕು ಅಕ್ಕಿ ಡಬ್ಬಿಲಿ ಇಟ್ಟಿರ್ತೀನಿ. ಮೊನ್ನೆ ಗಣಪತಿ ಕೆರೆ ಹತ್ರ ನಿಂತು ಮನೆ ಯಾವ ಕಡೆ ಅಂತ ಯೋಚ್ನೆ ಮಾಡಿದೆ. ಐವತ್ತು ವರ್ಷ ನಡೆದ ದಾರಿ ಸಾರ್ ಅದು."

ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. "ಬೆಂಡಿನ ಎಸಳಾದ್ರೆ ಎಣಿಸ್ತೀನಿ, ಬರೀ ಗಾಳೀನ ಹೆಂಗೆ ಎಣಿಸ್ಲಿ?" ಅಂದಳು. ಅವರೂ ನಕ್ಕರು. ಹಸು, ಕೊಡೆ, ತೆಂಗು ಎಂದು ಮೂರು ಮಾತು ಹೇಳಿ, ಬೇರೆ ಏನೇನೋ ಮಾತಾಡಿ, ಆಮೇಲೆ ಆ ಮೂರನ್ನು ಕೇಳಿದರು. ದೊಡ್ಡಮ್ಮ ಬಹಳ ಹೊತ್ತು ನೆಲ ನೋಡಿದಳು. "ಕೊಡೆ," ಅಂದಳು. "ಅದೂ ನನ್ನ ಕೊಡೆ ಬಾಗ್ಲಲ್ಲಿ ಕಾಣ್ತಾ ಇದೆ, ಅದಕ್ಕೆ." ಮೋಸ ಮಾಡಿ ಸಿಕ್ಕಿಬಿದ್ದವಳ ಹಾಗೆ ಅವಳ ಮುಖ ಸಣ್ಣಗಾಯಿತು.

ಕೊನೆಗೆ ಏಳುವ ಮೊದಲು ಅವಳು ಕೇಳಿದ್ದು ಒಂದೇ ಪ್ರಶ್ನೆ. ಡಾಕ್ಟರನ್ನಲ್ಲ, ನನ್ನನ್ನು ಕೇಳಿದಳು. "ಇದು ಕಾಯಿಲೆಯೋ, ನನ್ನ ಅಸಡ್ಡೆಯೋ? ಅಷ್ಟು ಹೇಳಿಬಿಡು ಮಗಾ. ಕಾಯಿಲೆ ಅಂದ್ರೆ ಕಾಯಿಲೆ ಅನ್ನು."

ಅವಳನ್ನು ಹೊರಗೆ ಕೂರಿಸಿ ಬಂದಾಗ ಡಾಕ್ಟರು ಮೆಲ್ಲಗೆ ಹೇಳಿದರು. ಕೆಲವು ಸಲ ರಕ್ತ ಕಡಿಮೆಯಾಗಿ, ಥೈರಾಯಿಡ್ ಕೆಟ್ಟು, ಹೀಗೆ ಬೇರೆ ಕಾರಣಗಳಿಂದಲೂ ಮರೆವು ಬರುತ್ತದೆ. ಅಂಥದ್ದಾದರೆ ಔಷಧಿ ಇದೆ. ಅಲ್ಲದಿದ್ದರೆ ಇದು ಡಿಮೆನ್ಷಿಯಾ ಅನ್ನುವುದರ ಶುರು. ಅದಕ್ಕೆ ಔಷಧಿ ಇಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಯಾವುದು ಎಂದು ತಿಳಿಯುತ್ತದೆ. "ಔಷಧಿ ಇಲ್ಲದ ಮೇಲೆ ತಿಳಿದು ಏನು ಮಾಡೋದು ಅಂತ ನೀವು ಕೇಳಬಹುದು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮನೆಯವರೆಲ್ಲ ಕೂತು ಯೋಚನೆ ಮಾಡಿ," ಎಂದರು. ನಾನು ಹೊರಗೆ ಬಂದು ದೊಡ್ಡಮ್ಮನಿಗೆ ರಕ್ತ ಸ್ವಲ್ಪ ಕಡಿಮೆಯಿದೆ ಎಂದು ಹೇಳಿ, ಒಂದು ಸೀಸೆ ಟಾನಿಕ್ ಕೊಟ್ಟು, ಹಲ್ಲುಹಲ್ಲಿನ ಪಟ್ಟಿ ಅಂಟಿಸಿ, ಬಸ್ಸು ಹತ್ತಿಸಿದೆ. ಹೇಳದೆ ಉಳಿಯಲು ಎಷ್ಟು ಚೆಂದದ ಉಪಾಯಗಳಿವೆ ನೋಡಿ.

ಮುಂದಿನ ಭಾನುವಾರ ಸಾಗರಕ್ಕೆ ಹೋದೆ. ದೊಡ್ಡಮ್ಮ ದೇವಸ್ಥಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ನಾನು, ನಾಗೇಶ, ಅವನ ಹೆಂಡತಿ ಶಾಂತ ಮೂವರೂ ಜಗಲಿಯಲ್ಲಿ ಕೂತೆವು. ಡಾಕ್ಟರ ಮಾತನ್ನೂ ದೊಡ್ಡಮ್ಮನ ಪ್ರಶ್ನೆಯನ್ನೂ ಅವರಿಗೆ ಹೇಳಿದೆ. ನಾಗೇಶ ಚೂರು ಗಂಧವನ್ನು ಬೆರಳಲ್ಲಿ ತಿರುಗಿಸುತ್ತ, "ತಲೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋದ್ರು ಅಂತ ಗೊತ್ತಾದ್ರೆ ಆಯ್ತು. ಹುಚ್ಚು ಅಂತಾರೆ. ಮದುವೆ ಮನೆಯೋರು ಈ ಬಾಗ್ಲಿಗೆ ವೀಳ್ಯ ತರ್ತಾರಾ? ಅಮ್ಮ ಆ ಕೆಲಸದಲ್ಲೇ ಉಸಿರಾಡ್ತಾ ಇರೋದು," ಎಂದ. ಅದು ಸುಳ್ಳಲ್ಲ. ನಾನು, ಔಷಧಿಯೇ ಇಲ್ಲವಂತೆ, ಇನ್ನು ಹೆಸರು ತಿಳಿದುಕೊಂಡು ಅವಳ ಎದೆ ಒಡೆಯುವುದು ಯಾಕೆ ಎಂದೆ. ಅರವತ್ತಕ್ಕೆ ಅರಳು ಮರಳು, ಎಲ್ಲರ ಮನೆಯಲ್ಲೂ ಇದ್ದದ್ದೇ ಎಂದೆ. ಗಾದೆ ಹೇಳಿದ ಮೇಲೆ ಯೋಚನೆ ಮಾಡುವ ಕೆಲಸ ಇರುವುದಿಲ್ಲವಲ್ಲ.

ಶಾಂತ ಮಾತು ಕಡಿಮೆಯ ಹೆಂಗಸು. ದೊಡ್ಡಮ್ಮನ ಪಕ್ಕ ಕೂತು ಬೆಂಡು ಸುಲಿದು ಸುಲಿದು ಅವಳ ಹೆಬ್ಬೆರಳಿನ ಮೇಲೂ ಅತ್ತೆಯದರಂತೆಯೇ ಗೀರು ಬಿದ್ದಿತ್ತು. ಅವಳು ಬಾಗಿಲಿಗೆ ಒರಗಿ ಹೇಳಿದಳು: "ಬೇರೆಯೋರು ಯಾರೂ ಕೇಳಿಲ್ಲ. ಅತ್ತೇನೇ ಕೇಳಿದಾರೆ. ಕೇಳಿದೋರಿಗೆ ಹೇಳ್ಬೇಕಪ್ಪ."

"ನಿಂಗೆ ಗೊತ್ತಾಗಲ್ಲ ಸುಮ್ನಿರು," ಎಂದ ನಾಗೇಶ. ನಾನು ಹಾಗೆನ್ನಲಿಲ್ಲ, ಆದರೆ ಹಾಗೆಯೇ ಅಂದುಕೊಂಡೆ. ಆಸ್ಪತ್ರೆಯ ರೀತಿನೀತಿ ಗೊತ್ತಿದ್ದವನು ನಾನೊಬ್ಬನೇ ಆದ್ದರಿಂದ ತೀರ್ಪು ನನ್ನದೇ ಆಯಿತು. ಬೇಡ ಎಂದು ತೀರ್ಮಾನಿಸಿದೆ. ಕರುಣೆಯಿಂದ ಹಾಗೆ ಮಾಡಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈಗ ಕೇಳಿದರೆ, ಹೆದರಿದ್ದೆ ಎಂದೇ ಹೇಳುತ್ತೇನೆ. ಅವಳ ಎದುರು ಕೂತು ಆ ಮಾತು ಆಡುವ ಧೈರ್ಯ ನನಗಿರಲಿಲ್ಲ.

ದೊಡ್ಡಮ್ಮ ದೇವಸ್ಥಾನದಿಂದ ಬಂದು ಪ್ರಸಾದ ಕೊಟ್ಟಳು. ಕೊಡುತ್ತಲೇ, "ಎಂತ ಅಂದ್ರು ನಿಮ್ಮ ಡಾಕ್ಟ್ರು?" ಎಂದು ಕೇಳಿದಳು.

"ಕಾಯಿಲೆ ಗೀಯಿಲೆ ಎಂತದೂ ಇಲ್ಲ ದೊಡ್ಡಮ್ಮ," ಎಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಾಯಿಗೆ ಬಂದದ್ದನ್ನು ಸೇರಿಸಿದೆ: "ಸ್ವಲ್ಪ ಗಮನ ಇಟ್ಟು ಕೆಲಸ ಮಾಡು, ಎಲ್ಲ ಸರಿ ಹೋಗ್ತದೆ."

ಅವಳು ನನ್ನನ್ನು ನೋಡಿದಳು. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯ ಹಾಗೆ ತಲೆ ಆಡಿಸಿ, "ಹಂಗಾದ್ರೆ ನಂದೇ ತಪ್ಪು ಕಣಾ," ಎಂದು ಒಳಗೆ ಹೋದಳು.

ಆಮೇಲಿನ ತಿಂಗಳುಗಳಲ್ಲಿ ಅವಳು ಗಮನ ಇಟ್ಟ ರೀತಿಯನ್ನು ಶಾಂತ ನನಗೆ ಹೇಳುತ್ತಿದ್ದಳು. ಮಧ್ಯಾಹ್ನದ ನಿದ್ದೆ ಬಿಟ್ಟಳು. ಕಾಫಿಯಿಂದ ಬುದ್ಧಿ ಚಂಚಲವಾಗುತ್ತದೆ ಎಂದು ಯಾರೋ ಅಂದಿದ್ದಕ್ಕೆ, ಜೀವಕ್ಕಿಂತ ಹೆಚ್ಚಾದ ಕಾಫಿಯನ್ನೂ ಬಿಟ್ಟಳು. ಸೋಮವಾರ ಒಪ್ಪತ್ತು ಮಾಡಿದಳು. ನೆನಪಿಡಬೇಕಾದ್ದಕ್ಕೆಲ್ಲ ಸೆರಗಿಗೆ ಗಂಟು ಹಾಕಿಕೊಂಡಳು. ನಾನು ಯುಗಾದಿಗೆ ಹೋದಾಗ ಅವಳ ಸೆರಗಿನಲ್ಲಿ ಏಳು ಗಂಟುಗಳಿದ್ದವು. ಒಂದೊಂದನ್ನೇ ಹಿಡಿದು, ಇದು ಯಾವುದಕ್ಕೆ, ಇದು ಯಾವುದಕ್ಕೆ ಎಂದು ತಾನೇ ಕೇಳಿಕೊಳ್ಳುತ್ತಿದ್ದಳು. ನಾನು ಚೇಷ್ಟೆ ಮಾಡಿ ನಗಿಸಲು ನೋಡಿದೆ. ಅವಳು ನಗದೆ ಇದ್ದದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ವೈಶಾಖದಲ್ಲಿ ಶಾಂತಳ ಕೈಬರಹದಲ್ಲಿ ಒಂದು ಕಾರ್ಡು ಬಂತು. ಹೊಸನಗರದ ಗೌಡರೊಬ್ಬರ ಮನೆಗೆ ಬಾಸಿಂಗ ಕೊಡಲು ದೊಡ್ಡಮ್ಮ ಬರುತ್ತಿದ್ದಾರೆ, ನೀವು ಅಲ್ಲಿಯ ಬಸ್ ಸ್ಟ್ಯಾಂಡಿಗೆ ಬಂದು ಜೊತೆಗೆ ಹೋಗಿ, ಒಬ್ಬರನ್ನೇ ಕಳಿಸಲು ಹೆದರಿಕೆ ಎಂದು ಬರೆದಿದ್ದಳು. ನಾನು ಹೋದೆ. ದೊಡ್ಡಮ್ಮ ಮಡಿಲಲ್ಲಿ ಬುಟ್ಟಿ ಹಿಡಿದು ಬಸ್ಸಿನಿಂದ ಇಳಿದಳು. ಒಳ್ಳೆಯ ಸೀರೆ, ಮುಡಿಗೆ ಹೂವು. ಬಿಳಿ ಬಟ್ಟೆ ಸರಿಸಿ ತೋರಿಸಿದಳು. ನಾನು ಆ ಕೆಲಸದಲ್ಲಿ ದಡ್ಡನಾದರೂ ನೋಡುವ ಕಣ್ಣಿತ್ತು. ಅಂಥ ಬಾಸಿಂಗವನ್ನು ಅವಳು ಅದಕ್ಕೆ ಮುಂಚೆ ಮಾಡಿದ್ದು ನಾನು ನೋಡಿರಲಿಲ್ಲ. ಗಿಳಿಗಳ ಕತ್ತಿನ ಸುತ್ತ ಕೂದಲಿನಷ್ಟು ತೆಳುವಾದ ಕೆಂಪು ಗೆರೆ. ಒಂದು ಎಸಳೂ ಆಚೀಚೆಯಿಲ್ಲ.

"ಮೂರು ಸಲ ಬಿಚ್ಚಿ ಕಟ್ಟಿದೀನಿ," ಎಂದಳು. "ತಪ್ಪಿದೆಯಾ ನೋಡು."

ಇಲ್ಲ ಎಂದೆ. ಬೆಂಡಿನಲ್ಲಿ ನಿಜಕ್ಕೂ ತಪ್ಪಿರಲಿಲ್ಲ.

ಗೌಡರ ಮನೆ ಪೇಟೆಯಿಂದ ಸ್ವಲ್ಪ ಆಚೆ. ಅಂಗಳ ಕಂಡಾಗ ಚಪ್ಪರ ಹಾಕಿಲ್ಲವಲ್ಲ ಎನ್ನಿಸಿತು. ಮದುವೆಗೆ ಇನ್ನೂ ನಾಲ್ಕು ದಿನ ಇರಬಹುದು ಎಂದುಕೊಂಡೆ. ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸರೋಜಳ ಮದುವೆಗೆ ಐದು ವರ್ಷದ ಹಿಂದೆ ದೊಡ್ಡಮ್ಮನೇ ಬಾಸಿಂಗ ಮಾಡಿಕೊಟ್ಟಿದ್ದಳು. ಎರಡು ವರ್ಷದ ಕೆಳಗೆ ಅವಳ ಗಂಡ ತೀರಿಕೊಂಡು ಅವಳು ತವರಿಗೆ ಬಂದಿದ್ದಳು. ಆಗಲೂ ದೊಡ್ಡಮ್ಮ ಬರಿಗೈಯಲ್ಲಿ ಬಂದು ಅತ್ತು ಹೋಗಿದ್ದಳು. ಈಗ ಚಿಕ್ಕವಳ ಮದುವೆ ಎಂದು ಶಾಂತಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಯಾರೂ ವೀಳ್ಯ ಕೊಟ್ಟದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಬಾಯಿಬಿಟ್ಟು ಕೇಳಿರಲೂ ಇಲ್ಲ. ಕೇಳಿದರೆ ಅವಳಿಗೆ ನೋವಾಗುತ್ತದೆ ಎಂದು!

ಜಗಲಿಯಲ್ಲಿ ಸರೋಜಳ ತಾಯಿ ಹೂ ಕಟ್ಟುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ದೊಡ್ಡಮ್ಮ ಎರಡೂ ಕೈಯಲ್ಲಿ ಬುಟ್ಟಿ ಮುಂದೆ ಹಿಡಿದು, ಮದುವೆಮನೆಗಳಲ್ಲಿ ಯಾವಾಗಲೂ ಕೇಳುತ್ತಿದ್ದ ದೊಡ್ಡ ದನಿಯಲ್ಲಿ, "ಎಲ್ಲಿ ಮದುಮಗಳು? ಸರೋಜಂಗೆ ಬಾಸಿಂಗ ತಂದೀನಿ, ಕರೀರಿ," ಎಂದಳು.

ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಟ್ಟರು. ಕಟ್ಟುತ್ತಿದ್ದ ಹೂವು ನೆಲದ ಮೇಲೆ ಹಾಗೇ ಬಿದ್ದಿತ್ತು. ಒಳಗಿನಿಂದ ಗೌಡರ ದನಿ ಏರಿತು: "ಯಾರದು? ಎಂತ ಮಾತಾಡ್ತಾರೆ ಅವ್ರು, ನಮ್ಮ ಹೊಟ್ಟೆ ಉರ್ಸೋಕೆ ಬಂದ್ರಾ?" ಅಷ್ಟರಲ್ಲಿ ಸರೋಜಳೇ ಹೊರಗೆ ಬಂದಳು. ಇಪ್ಪತ್ತೈದರ ಹುಡುಗಿ. ಬೋಳು ಹಣೆ, ಬೋಳು ಕೈ. ಒಂದು ಕ್ಷಣ ಬುಟ್ಟಿಯನ್ನು ನೋಡಿದಳು. ಆಮೇಲೆ ಮುಂದೆ ಬಂದು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಬನ್ನಿ ಬಾಸಿಂಗದಮ್ಮ. ಬಿಸ್ಲಲ್ಲಿ ಬಂದೀರಿ. ಕಾಲು ತೊಳ್ಕಂಡು ಕೂತ್ಕಳಿ, ಬೆಲ್ಲ ನೀರು ತರ್ತೀನಿ."

ಅವಳು ಎಷ್ಟು ಒಳ್ಳೆಯವಳೆಂದು ಹೇಳಲು ನನ್ನಲ್ಲಿ ಮಾತಿಲ್ಲ. ಆದರೆ ಅವಳ ಒಳ್ಳೆಯತನ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ದೊಡ್ಡಮ್ಮ ಆ ಹಣೆಯನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳಿಗೆ ಎಲ್ಲ ನೆನಪಾಯಿತು. ಮದುವೆ ಆಗಿದ್ದು, ಆ ಗಂಡು ಸತ್ತದ್ದು, ತಾನು ಇದೇ ಜಗಲಿಯಲ್ಲಿ ಕೂತು ಅತ್ತದ್ದು. ಪೂರ್ತಿ ಮರೆತಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವಳ ಬುದ್ಧಿ ಇನ್ನೂ ಅರ್ಧ ಉಳಿದಿತ್ತು. ತಾನು ಮಾಡಿದ್ದೇನೆಂದು ಅರಿಯಲು ಅರ್ಧವೇ ಸಾಕಾಗಿತ್ತು. ಅಂಗಳದಲ್ಲೇ ಕುಸಿದು ಕೂತು ಸರೋಜಳ ಪಾದ ಮುಟ್ಟಲು ಹೋದಳು. ಸರೋಜ ಹಿಂದಕ್ಕೆ ಸರಿದು, "ಅಯ್ಯೋ, ದೊಡ್ಡೋರು ನೀವು, ಹಂಗೆಲ್ಲ ಮಾಡ್ಬೇಡಿ," ಎಂದು ತಾನೂ ಅತ್ತಳು.

ಅಲ್ಲಿಂದ ದೊಡ್ಡಮ್ಮನನ್ನು ಒಬ್ಬಳೇ ಸಾಗರಕ್ಕೆ ಕಳಿಸಲಾರದೆ ನನ್ನ ಜೊತೆ ತೀರ್ಥಹಳ್ಳಿಯ ಬಸ್ಸು ಹತ್ತಿಸಿದೆ. ಊರು ಹತ್ತಿರ ಬಂದಾಗ ಕಿಟಕಿಯ ಕಡೆಯಿಂದ ನನ್ನ ಕಡೆ ತಿರುಗಿ, ದೂರಿನ ದನಿಯಿಲ್ಲದೆ, ವರದಿ ಒಪ್ಪಿಸುವವಳ ಹಾಗೆ ಹೇಳಿದಳು: "ಗಮನ ಇಟ್ಟು ಮಾಡು ಅಂದಿದ್ದೆ ನೀನು. ಗಮನ ಇಟ್ಟೇ ಮಾಡಿದೆ ಮಗಾ."

ಈ ಮಾತನ್ನು ನಾನು ಇಂದಿನವರೆಗೆ ಹೆಂಡತಿಗೂ ಹೇಳಿರಲಿಲ್ಲ. ನಿಮಗೆ ಹೇಳಿದ್ದೇನೆ.

ಸಾಗರಕ್ಕೆ ಹೋದ ಮೇಲೆ ಅವಳು ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಶಾಂತಳ ಕೈಗೆ ಕೊಟ್ಟಳು. "ಗಂಡ ಸತ್ತ ಹುಡುಗಿ ಮನೆಗೆ ಬಾಸಿಂಗ ಒಯ್ದ ಕೈ ಇದು. ಇನ್ನು ಯಾರ ಮದುವೆಗೂ ಆಗಲ್ಲ," ಎಂದಳಂತೆ. ಮತ್ತೆ ಬೆಂಡು ಮುಟ್ಟಲಿಲ್ಲ. ಶಾಂತಳಿಗೆ ಕೆಲವು ಮನೆಗಳ ಮಾದರಿ ಬರುತ್ತಿತ್ತು. ಉಳಿದವನ್ನು ಕೇಳಿದರೆ, "ನನ್ನ ಬಾಯಿಂದ ಬೇಡ," ಎನ್ನುತ್ತಿದ್ದಳು. ಒಂದು ವರ್ಷ ಕಳೆಯುವುದರೊಳಗೆ ಹೇಳಬೇಕೆಂದರೂ ಹೇಳಲು ಬಾರದ ಹಾಗಾಯಿತು. ಎಷ್ಟೋ ಮನೆಗಳ ಗಿಳಿ ನವಿಲುಗಳು ಹಾಗೆ ಹೋದವು. ನಾಗೇಶ ಒಮ್ಮೆ, "ಮೊದಲೇ ಹೇಳಿದ್ರೆ ಶಾಂತಂಗೆ ಎಲ್ಲಾ ಕಲಿಸಿ ಇಡ್ತಿದ್ಲೇನೋ," ಎಂದ. ಶಾಂತ ಅಲ್ಲೇ ಇದ್ದಳು. "ನಾನು ಆವತ್ತೇ ಹೇಳಿದ್ದೆ" ಎನ್ನುವ ಒಂದು ಮಾತನ್ನು ಅವಳು ಆಡಲಿಲ್ಲ, ಮುಂದೆಯೂ ಯಾವತ್ತೂ ಆಡಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಮಳೆಗಾಲ ಕಳೆದ ಮೇಲೆ ನಾನೇ ಅವಳನ್ನು ಆಗುಂಬೆ ಘಟ್ಟ ಇಳಿಸಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ನೋಡಿದರು, ಇನ್ನೂ ಏನೇನೋ ನೋಡಿದರು, ಮೂರು ದಿನ ಪ್ರಶ್ನೆ ಕೇಳಿದರು. ನಮ್ಮ ಡಾಕ್ಟರು ಹೆದರಿದ್ದ ಕಾಯಿಲೆಯೇ ಎಂದರು. ವಾಪಸು ಬರುವಾಗ ಬಸ್ಸು ಘಟ್ಟ ಹತ್ತಿ ಮೇಗರವಳ್ಳಿಯಲ್ಲಿ ಚಹಾಕ್ಕೆ ನಿಂತಿತು. ಎಲ್ಲರೂ ಇಳಿದರು. ನಾವಿಬ್ಬರೇ ಉಳಿದೆವು. ಅಲ್ಲಿ ಹೇಳಿದೆ.

"ದೊಡ್ಡಮ್ಮ, ಅವತ್ತು ಕೇಳಿದ್ಯಲ್ಲ, ಕಾಯಿಲೆಯೋ ಅಸಡ್ಡೆಯೋ ಅಂತ. ಕಾಯಿಲೆ ದೊಡ್ಡಮ್ಮ. ತಲೆಯೊಳಗಿನ ಕಾಯಿಲೆ. ನಾನು ಸುಳ್ಳು ಹೇಳಿದ್ದೆ."

"ಹಂಗಾರೆ ಸರೋಜನ ಮನೆಗೆ ನಾನು ಬೇಕಂತ ಹೋಗಿದ್ದಲ್ಲ?"

"ಅಲ್ಲ."

"ಅಸಡ್ಡೆ ಮಾಡಿದ್ದೂ ಅಲ್ಲ?"

"ಅಲ್ಲ ದೊಡ್ಡಮ್ಮ. ಕಾಯಿಲೆ ಮಾಡ್ಸಿದ್ದು."

ಹೆದರುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಹೊತ್ತ ಹೊರೆಯನ್ನು ಕಟ್ಟೆಯ ಮೇಲೆ ಇಳಿಸಿದವರ ಹಾಗೆ ಉಸಿರುಬಿಟ್ಟಳು. "ಅಷ್ಟೇನಾ! ಇಷ್ಟು ದಿನ ನಾನು ಎಂತೆಲ್ಲ ಅಂದ್ಕೊಂಡಿದ್ದೆ," ಎಂದಳು. ಆಮೇಲೆ, "ಒಂದು ಕಾಫಿ ತಗೊಂಬಾರಾ," ಎಂದಳು. ಒಂದು ವರ್ಷದ ಮೇಲೆ ಕಾಫಿ ಕೇಳಿದ್ದಳು. ನಾನು ಓಡಿಹೋಗಿ ತಂದೆ. ಅದನ್ನು ಅವಳು ಊದಿ ಊದಿ ಕುಡಿದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಔಷಧಿ ಇಲ್ಲದ ಮೇಲೆ ತಿಳಿದು ಏನು ಮಾಡುವುದು ಎನ್ನುವುದಕ್ಕೆ ಡಾಕ್ಟರ ಬಳಿ ಇಲ್ಲದ ಉತ್ತರ ಆ ಬಸ್ಸಿನಲ್ಲಿ ನನ್ನ ಎದುರು ಕೂತು ಕಾಫಿ ಕುಡಿಯುತ್ತಿ‌ತ್ತು.

ಬಸ್ಸು ತೀರ್ಥಹಳ್ಳಿ ಮುಟ್ಟುವ ಮೊದಲೇ ಅವಳು ನನ್ನ ತೋಳು ಹಿಡಿದಳು. "ಮಗಾ, ಹೊಸನಗರಕ್ಕೆ ಹೋಗಿ ಸರೋಜನ ಹತ್ರ ತಪ್ಪಾಯ್ತು ಅಂತ ಹೇಳಿ ಬರಬೇಕು. ನನ್ನ ಅಸಡ್ಡೆಯಿಂದ ಆ ಹುಡುಗಿಗೆ ಹಂಗಾಯ್ತು."

ನಾನು ಹೇಳಿದ್ದು ಹೋಗಿತ್ತು. ತಪ್ಪು ಉಳಿದಿತ್ತು. ಯಾಕೆ ಹಾಗೆ ಎಂದು ಆಮೇಲೆ ನಮ್ಮ ಡಾಕ್ಟರನ್ನು ಕೇಳಿದೆ. ಹೊಸದು ನಿಲ್ಲುವುದಿಲ್ಲ, ಎದೆಗೆ ನಾಟಿದ ಹಳೆಯದು ಬೇಗ ಹೋಗುವುದಿಲ್ಲ ಎಂದರು. ಮೊದಲೇ ಹೇಳಿದ್ದರೆ ನಿಲ್ಲುತ್ತಿತ್ತೇ ಎಂದು ಕೇಳಲು ಬಾಯಿ ಬರಲಿಲ್ಲ. ನಿಲ್ಲುತ್ತಿತ್ತು. ಆಗ ಅವಳು ಬಾಗಿಲ ಕೊಡೆ ನೋಡಿಯಾದರೂ ಮೂರು ಮಾತಿನಲ್ಲಿ ಒಂದನ್ನು ಹಿಡಿದಿದ್ದಳು.

ಆಮೇಲೆ ನಾನು ತಿಂಗಳಿಗೊಮ್ಮೆ ಸಾಗರಕ್ಕೆ ಹೋದಾಗಲೆಲ್ಲ ಅದನ್ನೇ ಹೇಳಿದೆ. ಕಾಯಿಲೆ ದೊಡ್ಡಮ್ಮ, ನಿನ್ನ ತಪ್ಪಲ್ಲ. ಪ್ರತಿ ಸಲವೂ ಅವಳಿಗೆ ಅದು ಹೊಸ ಸುದ್ದಿ. ಪ್ರತಿ ಸಲವೂ "ಅಷ್ಟೇನಾ" ಎನ್ನುತ್ತಿದ್ದಳು, ಅರ್ಧ ಗಂಟೆ ಹಗುರವಾಗಿರುತ್ತಿದ್ದಳು. ನಾನಿಲ್ಲದ ದಿನಗಳಲ್ಲಿ ಶಾಂತ ಹೇಳುತ್ತಿದ್ದಳು, ದಿನಕ್ಕೆ ಮೂರು ಸಲ, ನಾಲ್ಕು ಸಲ, ಬೇಸರಿಸದೆ. ಸರೋಜಳಿಂದ ಒಂದು ಕಾಗದವೂ ಬಂತು: ನನಗೆ ಬೇಜಾರಿಲ್ಲ, ಬಾಸಿಂಗದಮ್ಮ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು. ಅದನ್ನು ಓದಿ ಓದಿ ಹೇಳಿ ಮಡಿಕೆಯಲ್ಲಿ ಹರಿದುಹೋಯಿತು. ಕ್ರಮೇಣ ಸರೋಜ ಯಾರು ಎನ್ನುವುದು ಹೋಯಿತು. ಬಾಸಿಂಗ ಎಂದರೇನು ಎನ್ನುವುದೂ ಹೋಯಿತು. ನಾನು ಯಾರು ಎನ್ನುವುದು ಎಂಬತ್ತಮೂರರಲ್ಲಿ ಹೋಯಿತು.

ಅಳು ಮಾತ್ರ ಹೋಗಲಿಲ್ಲ. ಕೊನೆಯ ವರ್ಷ ಅವಳು ಗೋಡೆಗೆ ಒರಗಿ ಕೂತು ಸದ್ದಿಲ್ಲದೆ ಅಳುತ್ತಿದ್ದಳು. ಯಾಕೆ ಅಳ್ತೀಯ ಎಂದು ಕೇಳಿದರೆ ನಮ್ಮ ಮುಖ ನೋಡಿ, "ಗೊತ್ತಿಲ್ಲ. ಎಂತೋ ತಪ್ಪು ಮಾಡೀನಿ," ಎನ್ನುತ್ತಿದ್ದಳು. ಎಂಬತ್ತನಾಲ್ಕರ ಮಾಘದಲ್ಲಿ ಹಾಗೆಯೇ ಹೋದಳು.

ಹೋದ ವಾರ ಅಂಗಡಿಯಿಂದ ಬಂದವನು ಇದನ್ನೆಲ್ಲ ಮೊದಲ ಬಾರಿಗೆ ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು ಹೇಳಿದೆ, ಗಮನ ಇಟ್ಟೇ ಮಾಡಿದೆ ಎಂದು ಅವಳು ಬಸ್ಸಿನಲ್ಲಿ ಹೇಳಿದ ಆ ಮಾತು ಒಂದನ್ನು ಬಿಟ್ಟು. ಅದನ್ನು ಇಲ್ಲಿ ಓದಿಕೊಳ್ಳಲಿ. ನನಗೆ ಈಗ ದೊಡ್ಡಮ್ಮನ ವಯಸ್ಸು ದಾಟಿ ಬಹಳ ವರ್ಷವಾಗಿದೆ. ಇಲ್ಲಿಯವರೆಗೆ ತಲೆ ನೆಟ್ಟಗಿದೆ ಎಂದು ನನ್ನ ಅಭಿಪ್ರಾಯ. ಹೆಂಡತಿಯ ಅಭಿಪ್ರಾಯ ಬೇರೆ. ಕಥೆ ಮುಗಿಸಿ, "ನಂಗೆ ಅಂಥದ್ದು ಶುರುವಾದ್ರೆ ತಕ್ಷಣ ತೋರಿಸಿ. ಏನು ಅಂತ ಗೊತ್ತಾದ ದಿನ ಮೊದಲು ನಂಗೇ ಹೇಳಿ. ನಿಮ್ಮೊಳಗೆ ಕೂತು ಯೋಚನೆ ಮಾಡ್ಬೇಡಿ," ಎಂದೆ.

ಮಗಳು ತಲೆ ತಗ್ಗಿಸಿದಳು. ಹೆಂಡತಿ, "ಹೇಳಬಹುದು. ಆದ್ರೆ ಕೇಳಿ ನೀವು ಅಳ್ತೀರಲ್ಲ, ನಂಗೆ ನೋಡೋಕಾಗಲ್ಲ," ಎಂದಳು.

"ಅಳ್ತೀನಿ ಮಾರಾಯ್ತಿ," ಎಂದೆ. "ಯಾತಕ್ಕೆ ಅಳ್ತಿದೀನಿ ಅಂತ ಗೊತ್ತಿರೋವಾಗ್ಲೇ ಅತ್ತು ಮುಗಿಸ್ತೀನಿ."